ಪಟದ ಹಿಂದಿನ ಕಾಗದ

ಫೋನು ಬಂದದ್ದು ತಿಮ್ಮಪ್ಪನವರ ನಂಬರಿನಿಂದಲೇ. ಮಾತಾಡಿದವರು ಮಾತ್ರ ತಿಮ್ಮಪ್ಪನವರಲ್ಲ.

ಅಂದು ಮಂಗಳವಾರ. ಕಣ್ಣು ತೋರಿಸಿಕೊಂಡು ಬರಲು ತಿಮ್ಮಪ್ಪನವರು ನಸುಕಿನಲ್ಲೇ ಅಹಮದಾಬಾದಿಗೆ ಹೋಗಿದ್ದರು. ಮಧ್ಯಾಹ್ನದ ಗಾಡಿಗೆ ವಡೋದರೆಗೆ ಮರಳುವವರಿದ್ದರು. ಗಿರಿಜಮ್ಮ ಸಾರಿಗೆ ಒಗ್ಗರಣೆ ಹಾಕಿ, ಸೆರಗಿಗೆ ಕೈ ಒರೆಸಿಕೊಂಡು ಫೋನು ತೆಗೆದು, "ಗಾಡಿ ಆಣಂದ್ ದಾಟಿತೇನ್ರೀ?" ಎಂದರು. ಆ ಕಡೆಯಿಂದ ಅಪರಿಚಿತ ದನಿಯೊಂದು ಗುಜರಾತಿಯಲ್ಲಿ, ಅಮ್ಮ ಎಂಬರ್ಥದ 'ಬಾ' ಎಂದು ಕರೆದು, ಕೇಳಿತು: "ಬಾ, ಮನೆಯಲ್ಲಿ ಗಂಡಸರು ಯಾರಾದರೂ ಇದ್ದಾರೆಯೇ? ಅವರಿಗೆ ಫೋನು ಕೊಡಿ."

ಮೂವತ್ತೈದು ವರ್ಷ ರೈಲ್ವೆಯವರ ಹೆಂಡತಿಯಾಗಿ ಬಾಳಿದವರು ಗಿರಿಜಮ್ಮ. ಆ ಪ್ರಶ್ನೆಯ ಅರ್ಥವನ್ನು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮಗ ಪ್ರಶಾಂತ್ ಮಕರಪುರದ ಕಾರ್ಖಾನೆಯಲ್ಲಿದ್ದ. ಸೊಸೆ ಸುಲೋಚನಾ ಮೊಮ್ಮಗಳನ್ನು ಶಾಲೆಯಿಂದ ಕರೆತರಲು ಹೋಗಿದ್ದಳು. ಗಿರಿಜಮ್ಮ ಬರಿಗಾಲಲ್ಲೇ ತಮ್ಮ ವಸತಿ ಸೊಸೈಟಿಯ ಗೇಟಿನ ತನಕ ನಡೆದರು. ಅಲ್ಲಿ ನೋಟಿಸ್ ಬೋರ್ಡಿನ ಮುಂದೆ ಗೋಂದಿನ ಡಬ್ಬಿ ಹಿಡಿದ ಒಬ್ಬಾತ ನಿಂತಿದ್ದ. "ಬಾ, ಇದನ್ನು ಇಲ್ಲಿ ಹಚ್ಚಲೇ?" ಎಂದು ಕೇಳಿದ. ಗಿರಿಜಮ್ಮ ಏನೋ ಕೈಸನ್ನೆ ಮಾಡಿದರು. ಹಚ್ಚು ಎಂದರೋ, ಬಿಡು ಎಂದರೋ, ಅವರಿಗೇ ತಿಳಿಯದು. ಆತ ಕಾಗದ ಹಚ್ಚಿ, ಮೊಬೈಲಿನಲ್ಲಿ ಅದರ ಫೋಟೋ ತೆಗೆದುಕೊಂಡು ಹೊರಟುಹೋದ.

ಆ ಕಾಗದವನ್ನು ಯಾರೂ ಓದಲಿಲ್ಲ. ಓದುವವರೇ ಹೋಗಿಬಿಟ್ಟಿದ್ದರು.

ಇದು ಮಾತಿಗೆ ಹೇಳಿದ್ದಲ್ಲ. ತಿಪಟೂರಿನ ಕಡೆಯಿಂದ ಬಂದ ತಿಮ್ಮಪ್ಪನವರು ಸ್ಟೇಷನ್ನುಗಳ ಹೆಸರು ಓದುತ್ತಾ ಓದುತ್ತಾ ಗುಜರಾತಿ ಅಕ್ಷರ ಕಲಿತವರು. ದಿನವೂ ಸಂಜೆ ಬೋರ್ಡಿನ ಮುಂದೆ ನಿಂತು, ಕನ್ನಡಕ ಏರಿಸಿ, ನೀರು ಎಂದು ನಿಲ್ಲುತ್ತದೆ, ಕರೆಂಟು ಎಷ್ಟು ಹೊತ್ತಿಗೆ ಹೋಗುತ್ತದೆ, ಲಸಿಕೆ ಎಲ್ಲಿ ಹಾಕುತ್ತಾರೆ ಎಂದು ಬೆಂಚಿನ ಮೇಲೆ ಕೂತವರಿಗೆಲ್ಲ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಹುಟ್ಟಾ ಗುಜರಾತಿಯವರೂ ಅವರ ಬಾಯಿಂದಲೇ ಕೇಳುತ್ತಿದ್ದರು. ಗಿರಿಜಮ್ಮನಿಗೆ ಗುಜರಾತಿ ಮಾತು ಚೆನ್ನಾಗಿ ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಕಲಿಯುವ ಅಗತ್ಯವೇ ಬಿದ್ದಿರಲಿಲ್ಲ.

ಅಲ್ಲಿಯ ಪದ್ಧತಿಯಂತೆ ಮೂರನೆಯ ದಿನ ಬೇಸಣು ಇಟ್ಟರು. ಬಂಧುಗಳೂ ನೆರೆಹೊರೆಯವರೂ ಬಂದು ಮೌನವಾಗಿ ಕೂತು, ಕೈ ಮುಗಿದು ಹೋಗುವ ಶೋಕಸಭೆ ಅದು. ಅದಕ್ಕಾಗಿ ಸೊಸೈಟಿಯ ಸೆಕ್ರೆಟರಿ ನಿತಿನ್‌ಭಾಯ್ ತಿಮ್ಮಪ್ಪನವರ ದೊಡ್ಡ ಫೋಟೋ ಮುದ್ರಿಸಿ ತಂದು ಬೋರ್ಡಿಗೆ ಅಂಟಿಸಿದರು. ಅದು ಬೋರ್ಡನ್ನು ಪೂರ್ತಿ ತುಂಬಿತು. ಪಕ್ಕದ ಮನೆಯ ಇಂದುಮತಿಬೆನ್ ಅದಕ್ಕೆ ಗಂಧದ ಚಕ್ಕೆಯ ಹಾರ ಹಾಕಿದರು. ಹದಿಮೂರು ದಿನ ಕಳೆದ ಮೇಲೆ ತೆಗೆಯುವುದು ವಾಡಿಕೆ. ಗಿರಿಜಮ್ಮನೇ, "ಮಾಸಿಕದ ತನಕ ಇರಲಿ ನಿತಿನ್‌ಭಾಯ್" ಎಂದು ಕೇಳಿಕೊಂಡರು. ಯಾರು ಬೇಡವೆನ್ನುತ್ತಾರೆ? ಗಿರಿಜಮ್ಮ ಬೆಳಿಗ್ಗೆ ಗೇಟಿನ ತನಕ ಹೋಗಿ ಆ ಮುಖಕ್ಕೆ ಕೈ ಮುಗಿದು ಬರುತ್ತಿದ್ದರು. ದೇವರ ಕೋಣೆಯಲ್ಲಿ, ಹಿತ್ತಲ ಕಿಟಕಿಯ ಕೆಳಗೆ, ನಂದಾದೀಪ ಹಚ್ಚಿಟ್ಟಿದ್ದರು. ತಿಂಗಳು ತುಂಬುವವರೆಗೆ ಅದು ಆರಬಾರದು.

ಇಪ್ಪತ್ತೇಳು ದಿನ ಕಳೆಯಿತು. ಸೋಮವಾರ ಸಂಜೆ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದ ಹುಡುಗಿ ಮೇದಿನಿ ಏದುಸಿರು ಬಿಡುತ್ತಾ ಬಂದಳು. ಧಾರವಾಡದವಳು, ವಡೋದರೆಯಲ್ಲಿ ನಗರ ಯೋಜನೆ ಓದುತ್ತಿದ್ದಳು.

"ಅಮ್ಮಾ, ನಿಮ್ಮ ಹಿತ್ತಲ ಗ್ವಾಡಿ ಆಚೀಕಿನ ಖಾಲಿ ಜಾಗಾ ಅದಲ್ರೀ, ಅಲ್ಲಿ ಗೋದಾಮು ಕಟ್ಟತಾರಂತ. ನಿಮಗ ಗೊತ್ತದನು?"

ಪ್ರಶಾಂತ್ ಆಗಷ್ಟೇ ಕಾರ್ಖಾನೆಯಿಂದ ಬಂದು ಕೂತಿದ್ದ. "ಅದು ಮನೆ ಕಟ್ಟೋ ಜಾಗ ಕಣಮ್ಮ. ಗೋದಾಮು ಹೆಂಗೆ ಕಟ್ತಾರೆ? ಕಾಲೇಜಲ್ಲಿ ಯಾರೋ ನಿನಗೆ ಕತೆ ಹೇಳಿರಬೇಕು."

"ಕತಿ ಅಲ್ಲರೀ ಅಣ್ಣಾ. ಪ್ರಾಜೆಕ್ಟಿನ ಸಲುವಾಗಿ ಯೋಜನಾ ಕಚೇರಿಗೆ ಹೋಗಿದ್ದೆ, ಫೈಲು ಕಣ್ಣಾರೆ ನೋಡೀನಿ, ಅದರಾಗ ಏನದ ಅಂತ ಅಲ್ಲಿಯ ಗುಮಾಸ್ತರು ಹೇಳಿದ್ರು. ಮನಿ ಜಾಗದಾಗ ಗೋದಾಮು ಕಟ್ಟೂ ಹಂಗಿಲ್ಲ, ಖರೆ. ಅದಕ್ಕs ವಿನಾಯಿತಿ ಕೇಳ್ಯಾರ."

"ವಿನಾಯಿತಿ ಅಂದ್ರೆ ಏನಮ್ಮ?" ಎಂದರು ಗಿರಿಜಮ್ಮ.

ಮೇದಿನಿ ನೆಲದ ಮೇಲೆ ಕೂತಳು. "ನೋಡ್ರಿ, ನಮ್ಮ ಹಾಸ್ಟೆಲಿನಾಗ ಒಂಬತ್ತಕ್ಕ ಗೇಟು ಮುಚ್ಚಬೇಕು ಅಂತ ನಿಯಮ ಇತ್ತು. ಒಬ್ಬಾಕಿ, ನನಗೊಬ್ಬಾಕಿಗೆ ಹನ್ನೊಂದರ ತನಕಾ ಬಿಡ್ರಿ ಅಂತ ಅರ್ಜಿ ಕೊಟ್ಟಳು. ವಾರ್ಡನ್ನು ಬಾಜೂ ರೂಮಿನವರನ್ನ ಕೇಳಿದರು, ನಿಮಗ ತ್ರಾಸ ಆಗತದನು ಅಂತ. ಯಾರೂ ಬಾಯಿ ಬಿಡಲಿಲ್ಲ. ತಕರಾರಿಲ್ಲ ಅಂತ ಬರಕೊಂಡು ಬಿಟ್ಟರು. ಇದೂ ಅಷ್ಟs."

"ನಮ್ಮನ್ನ ಯಾರೂ ಕೇಳಲೇ ಇಲ್ವಲ್ಲ."

"ಕೇಳ್ಯಾರಂತ್ರಿ. ನಿಮ್ಮ ಸೊಸೈಟಿ ಬೋರ್ಡಿಗೆ ನೋಟಿಸು ಹಚ್ಯಾರ. ಹಚ್ಚಿದ್ದಕ್ಕ ಫೈಲಿನಾಗ ಫೋಟೋನೂ ಅದ. ಹೋದ ತಿಂಗಳ ಮಂಗಳವಾರ." ಅವಳು ಗಿರಿಜಮ್ಮನ ಕಡೆ ತಿರುಗಿದಳು. "ಫೋಟೋದ ಮೂಲ್ಯಾಗ ಯಾರದೋ ಹಸರು ಸೀರಿ ಸೆರಗು ಕಾಣತದ."

ಅದು ಗಿರಿಜಮ್ಮ ಅಂದು ಉಟ್ಟಿದ್ದ ಸೀರೆ. ಹಸಿರು ಸೀರೆ, ಗೋಂದಿನ ಡಬ್ಬಿ, ಹಚ್ಚಲೇ ಎಂದು ಕೇಳಿದ ದನಿ, ಎಲ್ಲ ಒಟ್ಟಿಗೆ ನೆನಪಾದವು. ಆ ಸೀರೆಯನ್ನು ಅವರು ಮತ್ತೆ ಉಟ್ಟಿರಲಿಲ್ಲ.

"ತಕರಾರು ಕೊಡಲಿಕ್ಕೆ ಎಷ್ಟು ದಿನ?"

"ಮೂವತ್ತು ದಿನ ಅಂತ ಹೇಳಿದ್ರು. ಗುರುವಾರಕ್ಕ ಮುಗೀತದ."

ಗುರುವಾರವೇ ಮಾಸಿಕ.

ಸೊಸೈಟಿಯವರನ್ನೂ ಕರೆದುಕೊಂಡು ಎಲ್ಲರೂ ಬೋರ್ಡಿನ ಬಳಿ ಹೋದರು. ಅಲ್ಲಿ ತಿಮ್ಮಪ್ಪನವರು ಕನ್ನಡಕದೊಳಗಿಂದ ನಗುತ್ತಿದ್ದರು. ನಿತಿನ್‌ಭಾಯ್ ತಲೆ ಕೆರೆದುಕೊಂಡರು. "ಹೌದು ಆಂಟಿ, ಕೆಳಗೆ ಏನೋ ಕಾಗದವಿತ್ತು. ಅವಸರದಲ್ಲಿ ಅದರ ಮೇಲೇ ಹಚ್ಚಿದೆ."

"ಓದಲಿಲ್ವೇ?" ಎಂದರು ಗಿರಿಜಮ್ಮ.

"ಓದುವುದು ಅಂಕಲ್ ಕೆಲಸವಾಗಿತ್ತಲ್ಲ."

"ನಿಮ್ಮ ವಾಟ್ಸಾಪ್ ಗುಂಪಿನಲ್ಲಿ ಹಾಕಬಹುದಿತ್ತು" ಎಂದ ಪ್ರಶಾಂತ್.

"ಹಾಕಿದ್ದರೆ ನೀನು ನೋಡುತ್ತಿದ್ದೆಯಾ? ಅದರಲ್ಲಿ ದಿನಕ್ಕೆ ಅರುವತ್ತು ಗುಲಾಬಿ ಹೂವಿನ ಶುಭೋದಯ ಬರುತ್ತದೆ."

ಯಾರೋ ನಕ್ಕರು. ಆದರೆ ಪಟಕ್ಕೆ ಕೈ ಹಚ್ಚಲು ಯಾರೂ ಮುಂದೆ ಬರಲಿಲ್ಲ. ಇಂದುಮತಿಬೆನ್ ತಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, "ಗಿರಿಜಾಬೆನ್, ತಿಂಗಳು ತುಂಬುವ ಮೊದಲು ಹೋದವರ ಮುಖ ಇಳಿಸಬಾರದು. ಅದು ಒಳ್ಳೆಯದಲ್ಲ" ಎಂದರು.

ಪ್ರಶಾಂತನಿಗೂ ಅದೇ ಬೇಕಾಗಿತ್ತು. "ಅಮ್ಮ, ಗುರುವಾರ ಕಳೀಲಿ ಬಿಡು. ಒಂದು ಕಾಗದದಿಂದ ಏನಾಗುತ್ತೆ? ಕಟ್ಟೋರು ಕಟ್ಟೇ ಕಟ್ತಾರೆ. ಪ್ರಭಾವ ಇದ್ದೋರದ್ದೇ ನಡೆಯೋದು."

ಗಿರಿಜಮ್ಮ ಮನೆಗೆ ಹೋಗಿ, ಒಂದು ಪಾತ್ರೆಯಲ್ಲಿ ಬಿಸಿನೀರು, ಒಂದು ಹಳೆಯ ಪಂಚೆಯ ತುಂಡು ತಂದರು.

"ನಮ್ಮ ಯಜಮಾನರು ಇದ್ದಿದ್ರೆ ಮೊದಲು ಇದನ್ನೇ ಓದ್ತಿದ್ರು ಇಂದುಬೆನ್. ಅವರ ಮುಖವೇ ಅಡ್ಡ ಬಂತು ಅಂದ್ರೆ ಅವರಿಗೆ ಶಾಂತಿ ಹೇಗೆ ಸಿಗುತ್ತೆ?"

ಉಪ್ಪಿನಕಾಯಿ ಭರಣಿಯ ಮೇಲಿನ ಚೀಟಿ ತೆಗೆಯುವ ಹಾಗೆ ಅವರು ಬಟ್ಟೆಯನ್ನು ನೆನೆಸಿ, ಹಿಂಡಿ, ಪಟದ ಅಂಚಿಗೆ ಒತ್ತಿ ಹಿಡಿದರು. ಗೋಂದು ನೆನೆಯುವ ತನಕ ಕಾದರು. ಎಳೆದರೆ ಕೆಳಗಿನ ಕಾಗದ ಹರಿಯುತ್ತದೆ. ಹರಿದರೆ ಅದರಲ್ಲಿ ಏನಿದೆಯೆಂದು ಈ ಮೂರು ದಿನದಲ್ಲಿ ತಿಳಿಯುವುದು ಕಷ್ಟ. ಎಂಟು ವರ್ಷದ ಮೊಮ್ಮಗಳು ಕೃಪಾ ಅಜ್ಜಿಯ ಸೀರೆ ಹಿಡಿದು, "ಅಜ್ಜಿ, ತಾತಂದು ಫೋಟೋ ಕ್ಯೂಂ ತೆಗೀತಾ ಇದೀರಾ?" ಎಂದಳು. ಗಿರಿಜಮ್ಮ ಬಟ್ಟೆ ಒತ್ತುತ್ತಾ ಅಂಚನ್ನು ಮೆಲ್ಲಗೆ ಬಿಡಿಸಿದರು. ಮೊದಲು ಹಣೆ ಬಂತು, ಆಮೇಲೆ ಕನ್ನಡಕ, ಆಮೇಲೆ ನಗು. ಪಟವನ್ನು ಮಡಿಸದೆ ಎರಡೂ ಕೈಯಲ್ಲಿ ಹಿಡಿದು ಸೊಸೆಯ ಕೈಗೆ ಕೊಟ್ಟರು.

ಕೆಳಗಿನ ಕಾಗದ ಒದ್ದೆಯಾಗಿತ್ತು, ಆದರೆ ಅಕ್ಷರ ಉಳಿದಿತ್ತು. ಮೇದಿನಿಗೆ ವಿಷಯ ಗೊತ್ತು, ಗುಜರಾತಿ ಓದಲು ಬಾರದು. ಇಂದುಮತಿಬೆನ್‌ಗೆ ಓದಲು ಬರುತ್ತದೆ, ಆ ಕಚೇರಿಯ ಭಾಷೆ ಅರ್ಥವಾಗದು. ಒಬ್ಬರು ಓದಿದರು, ಇನ್ನೊಬ್ಬಳು ಬಿಡಿಸಿ ಹೇಳಿದಳು.

"ಗೋಡೆಯಿಂದ ಬಿಡಬೇಕಾದ ಖಾಲಿ ಜಾಗವನ್ನು ಕಡಿಮೆ ಮಾಡಲು..." ಎಂದು ಇಂದುಮತಿಬೆನ್ ಓದಿದರು.

"ಅಂದ್ರ ನಿಮ್ಮ ಕಂಪೌಂಡಿಗೆ ಹತ್ತಿಸೇ ಕಟ್ಟತಾರ."

"ಮತ್ತು ಬಣ್ಣ, ಥಿನ್ನರ್ ಮುಂತಾದ ಸರಕು ದಾಸ್ತಾನಿಗೆ..."

ಪ್ರಶಾಂತ್ ತಟ್ಟನೆ ತಲೆ ಎತ್ತಿದ. "ಏನಂದ್ರಿ? ಇನ್ನೊಂದು ಸಲ ಓದಿ."

"ಥಿನ್ನರ್."

ಅವನ ಕಾರ್ಖಾನೆಯಲ್ಲಿ ಮೋಟರುಗಳಿಗೆ ವಾರ್ನಿಷ್ ಹಚ್ಚುತ್ತಾರೆ. ಅಲ್ಲಿ ಥಿನ್ನರ್ ಇಡುವ ಕೋಣೆ ಎಲ್ಲ ಕಟ್ಟಡಗಳಿಂದ ದೂರ, ಒಂಟಿಯಾಗಿ ನಿಂತಿದೆ. ಬೆಂಕಿಪೊಟ್ಟಣ ಹಾಗಿರಲಿ, ಮೊಬೈಲು ಕೂಡ ಅದರ ಬಳಿಗೆ ಒಯ್ಯುವಂತಿಲ್ಲ. ಅದರ ಆವಿ ಕಣ್ಣಿಗೆ ಕಾಣದೆ ನೆಲದ ಮೇಲೆ ಹರಿದು, ಎಲ್ಲೋ ಇರುವ ಕಿಡಿಯನ್ನು ಹುಡುಕಿಕೊಂಡು ಹೋಗುತ್ತದೆ ಎಂದು ಹೊಸ ಕೆಲಸಗಾರರಿಗೆ ಕಲಿಸುವವನು ಅವನೇ. ಅವನು ಮನೆಯ ಹಿಂದುಗಡೆಗೆ ಹೋಗಿ ನಿಂತ. ಈಚೆ ದೇವರ ಕೋಣೆಯ ಕಿಟಕಿ. ಕಿಟಕಿಯ ಕೆಳಗೆ ನಂದಾದೀಪ. ಪಕ್ಕದ ಕೋಣೆಯಲ್ಲಿ ಕೃಪಾಳ ಮಂಚ, ದಿಂಬಿನ ಕೆಳಗೆ ಅವಳು ಉಬ್ಬಸ ಬಂದಾಗ ಎಳೆದುಕೊಳ್ಳುವ ಪಂಪು. ನಾಲ್ಕು ಹೆಜ್ಜೆ ಆಚೆಗೆ ಕಂಪೌಂಡು.

ಒಳಗೆ ಬಂದು, "ಮೇದಿನಿ, ಅರ್ಜಿ ಹೆಂಗೆ ಬರೀಬೇಕು ಹೇಳು" ಎಂದ.

ಅರ್ಜಿ ಬರೆಯುವುದು ಕಷ್ಟವಾಗಲಿಲ್ಲ. ನೋಟಿಸಿನ ನಂಬರು, ಜಾಗದ ನಂಬರು, ತಮ್ಮ ಮನೆ ಎಷ್ಟು ಹತ್ತಿರ, ಏನು ತೊಂದರೆ, ಇಷ್ಟೇ. "ಸಿಟ್ಟು ಬರೀಬ್ಯಾಡ್ರಿ, ಅಳತಿ ಬರೀರಿ" ಎಂದಳು ಮೇದಿನಿ. ಪ್ರಶಾಂತ್ ಟೇಪು ಹಿಡಿದು ಕಿಟಕಿಯಿಂದ ಕಂಪೌಂಡಿಗೆ ಅಳೆದು ಬರೆದ.

ಕಷ್ಟವಾದದ್ದು ಸಹಿ. ಮಂಗಳವಾರ ಬೆಳಿಗ್ಗೆ ಹಿತ್ತಲ ಜಾಗದಲ್ಲಿ ಇಟ್ಟಿಗೆಯ ಲಾರಿ ಬಂದು ನಿಂತಿತು. ಅದನ್ನು ಕಂಡವರು, "ಇನ್ನೇನು, ಆಗಿಹೋಯಿತಲ್ಲ" ಎಂದು ಬಾಗಿಲು ಹಾಕಿಕೊಂಡರು. "ಸಹಿ ಹಾಕಿದರೆ ಕೋರ್ಟಿಗೆ ಅಲೆಯಬೇಕಾದೀತೇ?" ಎಂದು ಒಬ್ಬರು. "ನಮ್ಮ ಮನೆ ಮುಂದಿನ ಸಾಲಿನಲ್ಲಿದೆ, ನಮಗೇನು?" ಎಂದು ಇನ್ನೊಬ್ಬರು. ಅವರಿಗೆ ಇಂದುಮತಿಬೆನ್, "ಬೆಂಕಿ ಮನೆಯ ನಂಬರು ಕೇಳಿಕೊಂಡು ಬರುತ್ತದೆಯೇ ಭಾಯ್?" ಎಂದು ಕೇಳಿ ಪೆನ್ನು ಮುಂದೆ ಹಿಡಿದರು. ಪಟ ಇಳಿಸಬೇಡಿ ಎಂದಿದ್ದ ಇಂದುಮತಿಬೆನ್ ಈಗ ಚಪ್ಪಲಿ ಸವೆಸುತ್ತಿದ್ದರು. ಬುಧವಾರ ದೀಪ ಹಚ್ಚುವ ಹೊತ್ತಿಗೆ ನಲವತ್ತು ಮನೆಗಳಲ್ಲಿ ಮೂವತ್ತೊಂದು ಮನೆಯವರು ಸಹಿ ಹಾಕಿದ್ದರು.

ಗುರುವಾರ ಬಂತು. ಮಾಸಿಕಕ್ಕೆ ಕರ್ತೃವಾದ ಪ್ರಶಾಂತ್ ಮನೆ ಬಿಡುವಂತಿಲ್ಲ. ಮೇದಿನಿಗೆ ಪರೀಕ್ಷೆ. ಅರ್ಜಿಯಲ್ಲಿ ಮೊದಲ ಸಹಿ ಗಿರಿಜಮ್ಮನದು, ಗೋಡೆಗೆ ಹತ್ತಿರದ ಮನೆ ಅವರದು.

"ನಾನೇ ಹೋಗ್ತೀನಿ" ಎಂದರು.

"ಅಮ್ಮ, ನೀನು ತಿಂಗಳಿಂದ ಗೇಟು ದಾಟಿಲ್ಲ. ಇವತ್ತೇ ಹೋಗ್ತೀಯಾ? ಪುರೋಹಿತರು ಏನಂದ್ಕೋತಾರೆ?"

"ಅವರು ಏನಾದ್ರೂ ಅಂದ್ಕೊಳ್ಳಲಿ ಕಣೋ. ಪಿಂಡ ನೀನಿಡು. ಈ ಕಾಗದ ನಾನಿಡ್ತೀನಿ. ಎರಡೂ ಅವರಿಗೇ ಸೇರುತ್ತೆ."

ಇಂದುಮತಿಬೆನ್ ಜೊತೆ ರಿಕ್ಷಾದಲ್ಲಿ ಹೋದರು. ಕಚೇರಿಯಲ್ಲಿ ಒಂದು ಮೇಜಿನಿಂದ ಇನ್ನೊಂದಕ್ಕೆ, ಅಲ್ಲಿಂದ ಮಹಡಿಗೆ. ಗಡಿಯಾರ ಹನ್ನೆರಡು ದಾಟಿತು. ಕೊನೆಗೆ ನಡುವಯಸ್ಸಿನ ಅಧಿಕಾರಿಯೊಬ್ಬರು ಅರ್ಜಿ ನೋಡಿ, "ಬಾ, ಮೂವತ್ತು ದಿನ ಸಮಯವಿತ್ತು. ಕೊನೆಯ ದಿನ ಬಂದಿದ್ದೀರಿ. ನಾವು ನೋಟಿಸು ಹಚ್ಚಿದ್ದೇವೆ, ನೋಡಿ" ಎಂದು ಫೈಲು ತಿರುಗಿಸಿದರು.

ಬೋರ್ಡು, ಕಾಗದ, ಮೂಲೆಯಲ್ಲಿ ಹಸಿರು ಸೆರಗು.

ಗಿರಿಜಮ್ಮ ಆ ಸೆರಗಿನ ಮೇಲೆ ಬೆರಳಿಟ್ಟರು. "ಇದು ನನ್ನ ಸೀರೆ ಸಾಹೇಬ್. ಈ ಫೋಟೋ ತೆಗೆಯೋ ಐದು ನಿಮಿಷ ಮೊದಲು ನನ್ನ ಯಜಮಾನರು ಹೋದ ಸುದ್ದಿ ಬಂದಿತ್ತು. ನೀವು ಹಚ್ಚಿದ್ದು ಸುಳ್ಳಲ್ಲ. ನಾನು ಅಲ್ಲೇ ಇದ್ದದ್ದೂ ಸುಳ್ಳಲ್ಲ. ನನಗೆ ತಿಳಿದದ್ದು ಮಾತ್ರ ಮೊನ್ನೆ ಸೋಮವಾರ."

ಅಧಿಕಾರಿ ದನಿ ತಗ್ಗಿಸಿ, "ನಿಯಮದಲ್ಲಿ ಹಚ್ಚಬೇಕು ಅಂತ ಇದೆ ಬಾ, ಹಚ್ಚಿದೆವು. ಮತ್ತೆ ಹೇಗೆ ತಿಳಿಸಬೇಕಿತ್ತು, ನೀವೇ ಹೇಳಿ" ಎಂದರು.

"ನಮ್ಮ ಯಜಮಾನರ ಬೇಸಣು ಇದ್ದಾಗ ಸೊಸೈಟಿಯವರು ಬೋರ್ಡಿಗೆ ಹಚ್ಚಿ ಸುಮ್ಮನೆ ಕೂರಲಿಲ್ಲ ಸಾಹೇಬ್. ಮನೆಮನೆಗೆ ಹೋಗಿ ಹೇಳಿದ್ರು. ಬಾಗಿಲು ಹಾಕಿದ್ದವರಿಗೆ ಫೋನ್ ಮಾಡಿದ್ರು. ಗುಜರಾತಿ ಬಾರದವರಿಗೆ ಹಿಂದಿಯಲ್ಲಿ ಹೇಳಿದ್ರು. ಯಾವತ್ತು, ಎಲ್ಲಿ, ಎಷ್ಟು ಹೊತ್ತಿಗೆ ಅಂತ ಒಬ್ಬರಿಗೂ ಅನುಮಾನ ಉಳೀಲಿಲ್ಲ. ಸತ್ತವರ ಸುದ್ದಿಯನ್ನ ಅಷ್ಟು ಜತನವಾಗಿ ಮುಟ್ಟಿಸ್ತೀವಿ. ಬದುಕಿರೋರ ಸುದ್ದಿನೂ ಹಾಗೇ ಮುಟ್ಟಬೇಕಲ್ವೇ?"

ಅಧಿಕಾರಿ ಅರ್ಜಿಗೆ ಮೊಹರು ಒತ್ತಿ, ತಾರೀಕು ಹಾಕಿ, ಒಂದು ಪ್ರತಿಯನ್ನು ಅವರ ಕೈಗೆ ಕೊಟ್ಟರು. ಗಿರಿಜಮ್ಮ ಹೇಳಿದ್ದನ್ನು ಆತ ಒಂದು ಚೀಟಿಯಲ್ಲಿ ಬರೆದುಕೊಂಡದ್ದನ್ನು ಇಂದುಮತಿಬೆನ್ ಕಂಡರು.

ಇಬ್ಬರೂ ಮನೆಗೆ ಬರುವಾಗ ಪುರೋಹಿತರು ಹೊರಡುತ್ತಿದ್ದರು. "ಎಲ್ಲ ಸಾಂಗವಾಗಿ ಆಯಿತು ತಾಯಿ" ಎಂದರು. ಗಿರಿಜಮ್ಮ ಕಾಲು ತೊಳೆದು, ಮೊಹರಿನ ಕಾಗದವನ್ನು ತಿಮ್ಮಪ್ಪನವರ ಪಟದ ಮುಂದೆ ಇಟ್ಟು ಕೈ ಮುಗಿದರು. ದೀಪ ಉರಿಯುತ್ತಿತ್ತು.

ಮೂರು ವಾರದ ಮೇಲೆ ಅಹವಾಲು ಕೇಳಲು ಕರೆದರು. ಈ ಸಲ ಪ್ರತಿ ಮನೆಗೂ ಬೇರೆ ಬೇರೆ ಪತ್ರ ಬಂತು, ಗುಜರಾತಿಯಲ್ಲೂ ಹಿಂದಿಯಲ್ಲೂ. ಅಧಿಕಾರಿ ತಾವೇ ಬಂದು ಹಿತ್ತಲಲ್ಲಿ ನಿಂತು, ಕಿಟಕಿ ನೋಡಿ, ದೇವರ ದೀಪ ನೋಡಿ, ಕಂಪೌಂಡಿಗೆ ಟೇಪು ಹಿಡಿಸಿದರು. ಗೋದಾಮಿಗೆ ಅನುಮತಿ ಸಿಗಲಿಲ್ಲ. ಇಳಿಸಿದ್ದ ಇಟ್ಟಿಗೆ ಮತ್ತೆ ಲಾರಿ ಹತ್ತಿ ಬಂದ ದಾರಿಯಲ್ಲೇ ಹೋಯಿತು.

ಸೊಸೈಟಿಯಲ್ಲಿ ಈಗ ಎರಡು ಬೋರ್ಡುಗಳಿವೆ. ಒಂದು ಹೋದವರಿಗೆ, ಒಂದು ಇರುವವರಿಗೆ. ಕಚೇರಿಯ ಕಾಗದದ ಮೇಲೆ ಏನನ್ನೂ ಅಂಟಿಸುವಂತಿಲ್ಲ. ನಿತಿನ್‌ಭಾಯ್ ನೋಟಿಸುಗಳಿಗೆಂದೇ ಬೇರೆ ಗುಂಪು ಮಾಡಿದ್ದಾರೆ, ಅದರಲ್ಲಿ ಗುಲಾಬಿ ಹಾಕಿದವರಿಗೆ ಗೇಟಿನ ಬಳಿ ಎಲ್ಲರಿಗೂ ಚಹಾ ಕುಡಿಸುವ ಶಿಕ್ಷೆ. ಸಂಜೆಯ ಆರತಿಯಾದ ಮೇಲೆ ಒಬ್ಬರು ಬೋರ್ಡನ್ನು ಗಟ್ಟಿಯಾಗಿ ಓದುತ್ತಾರೆ. ವಾರಕ್ಕೊಂದು ಮನೆಯ ಸರದಿ. ತಮ್ಮ ಸರದಿ ಬಂದಾಗ ಗಿರಿಜಮ್ಮ ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾರೆ. ಅರುವತ್ತೆಂಟರ ಅವರಿಗೆ ಇಂದುಮತಿಬೆನ್ ಅಕ್ಷರ ಕಲಿಸುತ್ತಿದ್ದಾರೆ.

ಬಂಧುಗಳೇ, ಇದನ್ನು ಓದಿ ಮುಗಿಸಿದ ಮೇಲೆ ದಯಮಾಡಿ ಒಮ್ಮೆ ನಿಮ್ಮ ಬೋರ್ಡಿನ ಬಳಿಗೆ ಹೋಗಿ. ನಿಮ್ಮ ಮನೆಯ ಪಕ್ಕದ ಜಾಗದಲ್ಲಿ ನಿಯಮ ಮೀರಿ ಏನಾದರೂ ಕಟ್ಟಲು ಯಾರಾದರೂ ವಿನಾಯಿತಿ ಕೇಳಿದ್ದಾರೆಯೇ ನೋಡಿ. ಅಕ್ಷರ ಬಾರದಿದ್ದರೆ ಬರುವವರಿಂದ ಓದಿಸಿ, ಅರ್ಥವಾಗದಿದ್ದರೆ ತಿಳಿದವರನ್ನು ಕೇಳಿ, ಕೊನೆಯ ದಿನ ಯಾವುದೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಒಂದೊಂದು ಕಡೆ ಒಂದೊಂದು ಗಡುವು ಇರಬಹುದು. ಆ ಕಾಗದದಲ್ಲಿ ಬರೆದದ್ದೇ ನಿಮ್ಮ ಗಡುವು. ಮನೆಮನೆಗೆ ಪತ್ರ ಕಳಿಸಿ, ಆ ಜಾಗದಲ್ಲೇ ದೊಡ್ಡ ಫಲಕ ನೆಡಿ, ನಮಗೆ ತಿಳಿಯುವ ಭಾಷೆಯಲ್ಲಿ ಹೇಳಿ ಎಂದು ನಿಮ್ಮ ಊರಿನ ಕಚೇರಿಯನ್ನು ವಿನಯದಿಂದ, ಆದರೆ ಬಿಡದೆ ಕೇಳಿ. ನಿಮಗೆ ತಿಳಿದದ್ದನ್ನು ಪಕ್ಕದ ಮನೆಯವರಿಗೆ ಅಂದೇ ತಿಳಿಸಿ.

ತನಗೆ ತಿಳಿದದ್ದನ್ನು ನಾಲ್ಕು ಜನಕ್ಕೆ ಓದಿ ಹೇಳದೆ ಒಂದು ಸಂಜೆಯೂ ಮನೆಗೆ ಮರಳದ ಆ ಜೀವ ಈಗ ದೇವರ ಪಾದ ಸೇರಿದೆ. ತಿಮ್ಮಪ್ಪನವರಿಗೆ ಭಗವಂತ ಸದ್ಗತಿ ಕರುಣಿಸಲಿ. ಅವರ ಆತ್ಮಕ್ಕೆ ಚಿರಶಾಂತಿ ದೊರೆಯಲಿ.